ಊರಿಗೂ ಕಾಲ್ಗುಣವುಂಟೇ?

ಹೋದ ಶ್ರಾವಣದಲ್ಲಿ ಮೈಸೂರಿನಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೊರಟಿದ್ದೆ. ನಂಜನಗೂಡಿನಲ್ಲಿ ಒಬ್ಬಾಕೆ ಹತ್ತಿ ಪಕ್ಕದ ಸೀಟಿನಲ್ಲಿ ಕೂತರು. ವಯಸ್ಸು ನಲವತ್ತರ ಆಸುಪಾಸು. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಆಸ್ಪತ್ರೆಯ ಚೀಟಿ, ಮಾತ್ರೆ. ನನ್ನ ಕೈಯಲ್ಲಿದ್ದ ಪತ್ರಿಕೆಯನ್ನು ಎರಡು ಮೂರು ಸಲ ಓರೆಗಣ್ಣಿನಿಂದ ನೋಡಿದರು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟರು:

"ಅದ್ರಲ್ಲಿ ನಮ್ ಕಡ ಸುದ್ದಿ ಏನಾರ ಬಂದದಾ ಅವ್ವ?"

ಬಂದಿತ್ತು. ಎರಡು ಪುಟದ ತುಂಬ ಬಣ್ಣದ ಚಿತ್ರ. ಒಂದು ಕಡೆ ಬಂಡೀಪುರದ ಹುಲಿ, ಇನ್ನೊಂದು ಕಡೆ ಗುಂಡ್ಲುಪೇಟೆ ರಸ್ತೆಬದಿಯ ಚೆಂಡುಹೂವಿನ ಹೊಲ. ಹಳದಿ ಹೂವಿನ ನಡುವೆ ಕೈಚಾಚಿ ನಿಂತಿದ್ದವರು ಮಾತ್ರ ಎಲ್ಲಿಂದಲೋ ಕಾರಿನಲ್ಲಿ ಬಂದ ಪ್ರವಾಸಿಗಳು. ಆಕೆ ಪುಟವನ್ನು ಕಣ್ಣ ಹತ್ತಿರಕ್ಕೆ ಹಿಡಿದು ನೋಡಿದರು. "ಹೂವು ನಮ್ದೇ. ಬೆಳಗಾನೆ ಎದ್ದು ಕೀಳೋರು ನಾವೇ. ನಾವೆಲ್ಲಿದ್ದೀವಿ ಇದ್ರಲ್ಲಿ?" ಅಂದರು. ದೂರಿನ ದನಿಯಲ್ಲಲ್ಲ, ಸುಮ್ಮನೆ, ಕಳೆದುಹೋದ ಕೊಡೆ ಹುಡುಕುವವರ ಹಾಗೆ.

ಆ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಅದನ್ನೀಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಪುರವಣಿ ಎಂದರೆ ಬರೀ ಹೊತ್ತು ಕಳೆಯಲಿಕ್ಕೆ?

ಮನೆಗೆ ಬರುವ ದಿನಪತ್ರಿಕೆಯನ್ನು ನಾವು ಹಂಚಿಕೊಳ್ಳುವ ರೀತಿ ನೋಡಿ. ಮುಖಪುಟ ಯಜಮಾನರಿಗೆ, ಆಟದ ಪುಟ ಮಗನಿಗೆ, ಭಾನುವಾರದ ಪುರವಣಿ ನಮಗೆ. ಹಾಡು, ನಾಟಕ, ಸಿನಿಮಾ, ಜಾತ್ರೆ, ಅಡುಗೆ, ಪುಸ್ತಕ ಇವೆಲ್ಲ "ಸಾಂಸ್ಕೃತಿಕ". ಮಂತ್ರಿ, ಮತ, ಮಸೂದೆ ಇವು "ರಾಜಕೀಯ". ಮೊದಲನೆಯದು ಹಪ್ಪಳ ಸಂಡಿಗೆ, ಎರಡನೆಯದೇ ಊಟ ಎಂಬ ಭಾವನೆ ಬರೆಯುವವರಲ್ಲೂ ಇದೆ, ಓದುವವರಲ್ಲೂ ಇದೆ.

ನನಗೆ ಹಾಗನ್ನಿಸುವುದಿಲ್ಲ. ಈ ದೇಶದ ಪ್ರಜೆ ಯಾರು, ಯಾರ ಮಾತಿಗೆ ತೂಕವಿದೆ, ಯಾರ ಊರು ಊರಿನ ಲೆಕ್ಕಕ್ಕೆ ಸೇರುತ್ತದೆ ಎಂಬುದೆಲ್ಲ ವಿಧಾನಸೌಧದಲ್ಲಿ ಎಷ್ಟು ತೀರ್ಮಾನವಾಗುತ್ತದೋ ಅಷ್ಟೇ ಈ ಹಪ್ಪಳ ಸಂಡಿಗೆಯ ಪುಟಗಳಲ್ಲೂ ತೀರ್ಮಾನವಾಗುತ್ತದೆ. ಚಾಮರಾಜನಗರದ ಕತೆ ಕೇಳಿ, ಆಮೇಲೆ ನೀವೇ ಹೇಳಿ.

ಶಾಪದ ಊರು

ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಆಕೆ ಹೊಸ್ತಿಲು ದಾಟಿದ ಮೂರನೇ ತಿಂಗಳಿಗೆ ಮಾವನಿಗೆ ಹೃದಯಾಘಾತ. ಮಾವ ಮೂವತ್ತು ವರ್ಷದಿಂದ ಬೀಡಿ ಸೇದುತ್ತಿದ್ದರು, ರಕ್ತದೊತ್ತಡದ ಮಾತ್ರೆ ಬಿಟ್ಟಿದ್ದರು. ಅದೆಲ್ಲ ಯಾರಿಗೂ ಬೇಡ. "ಹುಡುಗಿಯ ಕಾಲ್ಗುಣ ಸರಿಯಿಲ್ಲ" ಅಂದರೆ ಮುಗಿಯಿತು. ಈ ಮಾತು ಕೇಳಿಸಿಕೊಳ್ಳದ ಮನೆ ನಮ್ಮಲ್ಲಿ ಎಷ್ಟಿದ್ದಾವು?

ಚಾಮರಾಜನಗರ ಪಟ್ಟಣಕ್ಕೆ ಆದದ್ದೂ ಇದೇ. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆಂಬ ಮಾತು ಹುಟ್ಟಿತು. ಪಟ್ಟಿ ಒಪ್ಪಿಸುವವರು ಬಲು ಸಲೀಸಾಗಿ ಒಪ್ಪಿಸುತ್ತಾರೆ: 1980ರಲ್ಲಿ ದೇವರಾಜ ಅರಸು, 1983ರಲ್ಲಿ ಗುಂಡೂರಾವ್, 1988ರಲ್ಲಿ ರಾಮಕೃಷ್ಣ ಹೆಗಡೆ, 1989ರಲ್ಲಿ ಎಸ್.ಆರ್. ಬೊಮ್ಮಾಯಿ, 1990ರಲ್ಲಿ ವೀರೇಂದ್ರ ಪಾಟೀಲ. ಎಲ್ಲರೂ ಬಂದರು, ಎಲ್ಲರೂ ಹೋದರು.

ಹೋದದ್ದು ನಿಜ. ಏಕೆ ಹೋದರು? ಅರಸು ಅವರು ಇಂದಿರಾ ಗಾಂಧಿಯವರಿಂದ ಬೇರೆಯಾಗಿದ್ದರು. 1980ರ ಚುನಾವಣೆಯಲ್ಲಿ ಇಂದಿರಾ ಗೆದ್ದೊಡನೆ ಶಾಸಕರು ಅತ್ತ ಹೊರಳಿದರು. ಗುಂಡೂರಾವ್ ಅವರ ಪಕ್ಷ ಚುನಾವಣೆಯಲ್ಲಿ ಸೋತಿತು. ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಆಪಾದನೆ ಬಂದಾಗ ರಾಜೀನಾಮೆ ಕೊಟ್ಟರು. ಬೊಮ್ಮಾಯಿ ಸರಕಾರವನ್ನು ಕೇಂದ್ರ ವಜಾ ಮಾಡಿತು. ಅದೇ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಇಂದಿಗೂ ದೇಶದ ಎಲ್ಲ ರಾಜ್ಯ ಸರಕಾರಗಳಿಗೂ ರಕ್ಷೆ. ಪಾಟೀಲರಿಗೆ ಪಾರ್ಶ್ವವಾಯು ಹೊಡೆದಿತ್ತು, ರಾಜ್ಯದಲ್ಲಿ ಗಲಭೆಗಳಾಗಿದ್ದವು, ದಿಲ್ಲಿಯ ವರಿಷ್ಠರು ಅವರನ್ನು ಇಳಿಸಿದರು. ಐದು ಜನ, ಐದು ಕಾರಣ. ಒಂದರಲ್ಲೂ ಚಾಮರಾಜನಗರದ ಕೈವಾಡವಿಲ್ಲ.

ಇದನ್ನು ಬರೆಯಲು ಸಂಶೋಧನೆ ಬೇಕಿರಲಿಲ್ಲ. ಹಳೆಯ ಪತ್ರಿಕೆ ತೆಗೆದು ನೋಡಿದ್ದರೆ ಸಾಕಿತ್ತು. ಆದರೆ "ಶಾಪ" ಎಂಬ ಮಾತಿಗೆ ಎಷ್ಟು ರುಚಿ! ಮುಖ್ಯಮಂತ್ರಿಯ ಪ್ರವಾಸ ಗೊತ್ತಾದಾಗಲೆಲ್ಲ ಅದಕ್ಕೊಂದು ಚೌಕಟ್ಟು ಹಾಕಿ, ಮಸಾಲೆ ಅರೆದು ಬಡಿಸುವುದು ರೂಢಿಯಾಯಿತು. ಟೀವಿ ಬಂದ ಮೇಲಂತೂ ಜ್ಯೋತಿಷಿಗಳೂ ಕುರ್ಚಿ ಹಾಕಿಕೊಂಡು ಕೂತರು. 1990ರಿಂದ 2007ರವರೆಗೆ ಅಧಿಕಾರದಲ್ಲಿದ್ದ ಒಬ್ಬ ಮುಖ್ಯಮಂತ್ರಿಯೂ ಆ ಪಟ್ಟಣದ ಕಡೆ ತಲೆಹಾಕಲಿಲ್ಲ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆ ಹುಟ್ಟಿದಾಗ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟನೆ ಮಾಡಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಮಗುವಿನ ನಾಮಕರಣ, ತೊಟ್ಟಿಲು ಮಾತ್ರ ಪಕ್ಕದ ಮನೆಯಲ್ಲಿ!

ತಮಾಷೆಯೆಂದರೆ, ನಮ್ಮ ಹೆಂಗಸರ ಪಂಚಾಂಗದಲ್ಲಿ ಈ ಊರು ಮಂಗಳದ ಊರು. ಅರಿಕುಠಾರ ಎಂಬ ಹಳ್ಳಿಯಾಗಿದ್ದುದು ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂದು 1818ರಲ್ಲಿ ಚಾಮರಾಜನಗರವಾಯಿತು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಚಾಮರಾಜೇಶ್ವರ ದೇವಸ್ಥಾನದ ರಥೋತ್ಸವ ನಡೆಯುವುದು ಆಷಾಢದಲ್ಲಿ. ಆಷಾಢದಲ್ಲಿ ತೇರೇ? ಹೌದು. ತವರಿಗೆ ಹೋದ ಹೊಸ ಹೆಂಡತಿ, ಅತ್ತೆಮನೆಯ ಹೊಸಿಲು ತುಳಿಯಬಾರದ ಹೊಸ ಗಂಡ, ಇಬ್ಬರೂ ಈ ತೇರಿನಲ್ಲಿ ಜೊತೆಗೂಡಿ ಹಣ್ಣು ಜವನ ಎಸೆಯುತ್ತಾರೆ. ಊರೆಲ್ಲ ನವದಂಪತಿಗಳು. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಕೆಲವು ವರ್ಷ ಉತ್ಸವ ನಿಂತಿತ್ತು. ಹೊಸ ತೇರು ಕಟ್ಟಿ 2022ರಲ್ಲಿ ಎಳೆದರು. ಹೊಸ ಮದುವೆಗೆ ಒಳ್ಳೆಯದಾದ ಊರು ಮುಖ್ಯಮಂತ್ರಿಗೆ ಮಾತ್ರ ಕೆಟ್ಟದ್ದು ಹೇಗಾಯಿತೋ! ಈ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ಲೇಖನ ಬಂದಿದ್ದರೆ ನಗೆಯಲ್ಲೇ ಅರ್ಧ ಶಾಪ ಹಾರಿಹೋಗುತ್ತಿತ್ತು.

"ಮುಖ್ಯಮಂತ್ರಿ ಬಾರದಿದ್ದರೆ ಗಂಟೇನು ಹೋಯಿತು?" ಅನ್ನುತ್ತೀರಾ? ಮುಖ್ಯಮಂತ್ರಿ ಬರುತ್ತಾರೆಂದರೆ ಕಡತ ಓಡುತ್ತದೆ, ರಸ್ತೆಯ ಗುಂಡಿ ಮುಚ್ಚುತ್ತದೆ, ಅಧಿಕಾರಿಗಳು ಲೆಕ್ಕ ಒಪ್ಪಿಸಬೇಕಾಗುತ್ತದೆ, ಸೆರಗಿನಲ್ಲಿ ಅರ್ಜಿ ಕಟ್ಟಿಕೊಂಡು ಬಂದ ಮುದುಕಿಗೆ ಅದನ್ನು ನೇರ ಕೈಗೇ ಕೊಡುವ ಅವಕಾಶ ಸಿಗುತ್ತದೆ. ಬೇರೆ ಜಿಲ್ಲೆಯವರಿಗೆ ತಾನಾಗಿ ಸಿಕ್ಕಿದ್ದು ಇಲ್ಲಿಯವರಿಗೆ ಒಂದೂವರೆ ದಶಕಕ್ಕೂ ಮಿಕ್ಕಿ ಸಿಗಲಿಲ್ಲ.

2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಧೈರ್ಯ ಮಾಡಿ ಬಂದರು. ಅದೇ ಅಕ್ಟೋಬರಿನಲ್ಲಿ ಅಧಿಕಾರ ಹೋಯಿತು. ಎರಡು ಪಕ್ಷಗಳ ಇಪ್ಪತ್ತು ತಿಂಗಳ ಒಪ್ಪಂದ ಮುರಿದದ್ದು ಕಾರಣ, ಹೆಸರು ಕೆಟ್ಟದ್ದು ಮತ್ತೆ ಊರಿನದು! 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದರು, 2018ರವರೆಗೆ ಪೂರ್ತಿ ಐದು ವರ್ಷ ಕುರ್ಚಿಯಲ್ಲಿದ್ದರು. ಕಾಲ್ಗುಣದ ಕತೆಗೆ ಅಲ್ಲಿಗೆ ಮಂಗಳ ಹಾಡಬೇಕಿತ್ತು. ಹಾಡಿದರೇ? ಮೂಢನಂಬಿಕೆ ಮುರಿದದ್ದೂ ಒಂದು ವಿಚಿತ್ರ ಸುದ್ದಿಯಾಗಿ ಬಂತು, ಅಷ್ಟೆ.

ಇನ್ನೊಂದು ವಿಷಯ ಹೇಳಲು ಮನಸ್ಸು ಹಿಂಜರಿಯುತ್ತದೆ. ಆದರೂ ಹೇಳಬೇಕು. 2021ರ ಮೇ 2ರ ರಾತ್ರಿಯಿಂದ ಮರುದಿನ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ತೀರಿಕೊಂಡರು. ಕೊರೋನಾ ಕಾಲ, ಆಮ್ಲಜನಕ ತೀರಿತ್ತು. ಹೈಕೋರ್ಟು ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನೇ ಬೊಟ್ಟು ಮಾಡಿ ತೋರಿಸಿತು. ಈಗ ಹೇಳಿ, ಇಂಥ ಊರಿಗೆ "ಶಾಪಗ್ರಸ್ತ" ಎಂಬ ಪದ ಅಂಟಿಸಿದರೆ ಏನಾಗುತ್ತದೆ? ಸಿಲಿಂಡರ್ ಎಲ್ಲಿಂದ ಬರಬೇಕಿತ್ತು, ಯಾರು ಕಳಿಸಬೇಕಿತ್ತು, ಯಾರು ಫೋನು ಎತ್ತಬೇಕಿತ್ತು ಎಂದು ಯಾರೂ ಕೇಳಬೇಕಾಗಿಲ್ಲ. ಶಾಪಕ್ಕೆ ಹೊಣೆಗಾರರಿಲ್ಲ. ಕಾಲ್ಗುಣದ ಮಾತು ಮಾವನ ಬೀಡಿಯನ್ನು ಮುಚ್ಚಿಟ್ಟ ಹಾಗೆಯೇ ಇದು.

ನೆರೆಯೂರಿನ ತಿರುಮಲಾಂಬಾ

ಅಪಶಕುನ ಎಂಬ ಹಣೆಪಟ್ಟಿಗೆ ಪತ್ರಿಕೆಯಿಂದಲೇ ಉತ್ತರ ಕೊಟ್ಟ ಹೆಣ್ಣುಮಗಳೊಬ್ಬರು ಇದೇ ದಾರಿಯ ಊರಿನವರು ಎಂಬುದನ್ನು ನೆನೆದರೆ ಮೈ ನವಿರೇಳುತ್ತದೆ. ನನ್ನ ಪಕ್ಕದಾಕೆ ಬಸ್ಸು ಹತ್ತಿದ ನಂಜನಗೂಡಿನ ತಿರುಮಲಾಂಬಾ. 1887ರಲ್ಲಿ ಹುಟ್ಟಿದವರು, ಇನ್ನೂ ಹುಡುಗಿಯಾಗಿದ್ದಾಗಲೇ ವಿಧವೆಯಾದರು. ಎದುರಿಗೆ ಬಂದರೆ ಜನ ದಾರಿ ತಪ್ಪಿಸಿಕೊಂಡು ಹೋಗುತ್ತಿದ್ದ ಕಾಲ. ಆಕೆ ಮನೆಯಲ್ಲೇ ಕಲಿತು, ಬರೆದು, 1910ರ ದಶಕದಲ್ಲಿ "ಸತೀಹಿತೈಷಿಣಿ" ಗ್ರಂಥಮಾಲೆ ನಡೆಸಿದರು, "ಕರ್ನಾಟಕ ನಂದಿನಿ" ಎಂಬ ಮಾಸಪತ್ರಿಕೆ ಹೊರಡಿಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ "ಸರಸ್ವತಿ" ಪತ್ರಿಕೆಯನ್ನು ನಾಲ್ಕು ದಶಕ ನಡೆಸಿದ್ದೂ ಇದೇ ಪರಂಪರೆ. ಅವರ ಕತೆಗಳಲ್ಲಿ ಪಾತಿವ್ರತ್ಯದ ಉಪದೇಶ ಹೆಚ್ಚು ಎಂದು ಇಂದಿನ ನಮ್ಮ ಹುಡುಗಿಯರು ಮೂಗು ಮುರಿಯಬಹುದು. ಮುರಿಯಲಿ. ಆದರೆ ಮತದಾನದ ಹಕ್ಕು ಇನ್ನೂ ಕನಸಾಗಿದ್ದಾಗ, ಹೆಂಗಸಿನ ಹೆಸರು ಲಗ್ನಪತ್ರಿಕೆಯ ಹೊರಗೆ ಅಚ್ಚಾಗದಿದ್ದಾಗ, ಸಂಪಾದಕಿ ಎಂದು ಹೆಸರು ಹಾಕಿಕೊಂಡು ನಿಂತದ್ದು ಸಣ್ಣ ಮಾತೇ?

ಆ ಹೆಸರುಗಳ ಬೆನ್ನಿಗೇ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರನ್ನು ನೆನೆಯಿರಿ. ಅದೇ ಕ್ಷೇತ್ರದಿಂದ ಮತ್ತೆ ಮತ್ತೆ ಆರಿಸಿಬಂದು, 1972ರಿಂದ 1978ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದವರು. ರಾಜ್ಯದಲ್ಲಿ ಆ ಪೀಠ ಏರಿದ ಮೊದಲ ಮಹಿಳೆ. ಮಹಿಳಾ ರಾಜಕಾರಣಿಯನ್ನು ಸಂದರ್ಶಿಸುವಾಗ ನಮ್ಮ ಪತ್ರಿಕೆಗಳು ಬಹುಕಾಲ ಕೇಳುತ್ತಿದ್ದ ಪ್ರಶ್ನೆ ನಿಮಗೂ ಗೊತ್ತು: "ಮನೆ, ಅಡುಗೆ ಎಲ್ಲ ಹೇಗೆ ನಿಭಾಯಿಸುತ್ತೀರಿ?" ಗಂಡಸು ಸ್ಪೀಕರರಿಗೆ ಈ ಪ್ರಶ್ನೆ ಕೇಳಿದ್ದು ನೀವು ಓದಿದ್ದೀರಾ? ಪಂಚಾಯಿತಿಗಳಲ್ಲಿ ಹೆಂಗಸರಿಗೆ 1983ರ ಕಾಯಿದೆಯಲ್ಲಿ ಶೇಕಡಾ 25, ಆಮೇಲೆ 33, 2010ರಲ್ಲಿ 50 ಎಂದು ಮೀಸಲಾತಿ ಏರಿತು. ಆದರೂ ಸದಸ್ಯೆಯ ಚಿತ್ರದಲ್ಲಿ ಮುಂದೆ ನಿಂತವರು ಅವಳ ಗಂಡ!

ಸಂಕಮ್ಮನ ಹಾಡು, ಸೋಲಿಗರ ಹಕ್ಕು

ಈ ಸೀಮೆಯ ದೊಡ್ಡ ಹಾಡು ಮಾದಪ್ಪನದು. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯೆಲ್ಲ ಹಾಡುವ ಮಲೆಮಾದೇಶ್ವರನ ಕಾವ್ಯ. ಡಾ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಅಚ್ಚು ಹಾಕಿಸಿದ ಮೇಲೆ ಓದುವವರಿಗೂ ಅದು ದೊರಕಿತು. ಅದರಲ್ಲಿ ಸಂಕಮ್ಮನ ಸಾಲು ಬರುತ್ತದೆ. ಸೋಲಿಗರ ನೀಲೇಗೌಡ ಜೇನು ಕೀಳಲು ಕಾಡಿಗೆ ಹೊರಟವನು, "ನಾನು ಬರುವ ತನಕ ಶೀಲವಂತೆಯಾಗಿರುವೆ ಎಂದು ಭಾಷೆ ಕೊಡು" ಎಂದು ಹೆಂಡತಿಯನ್ನು ಕಾಡುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡದವಳು ಆಣೆ ಏಕೆ ಇಡಬೇಕು? ಅವನು ಚಿತ್ರಹಿಂಸೆ ಕೊಟ್ಟು, ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಮಾದೇಶ್ವರ ಬಂದು ಅವಳನ್ನು ಕಾಪಾಡಿ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳ ಫಲ ಕೊಡುತ್ತಾನೆ.

ಇದನ್ನು ಕೇಳುತ್ತ ಕೂತ ಹೆಂಗಸರ ಮುಖ ನೋಡಬೇಕು ನೀವು. ನಿದ್ದೆ ಬರುತ್ತಿರುವ ಮಗುವನ್ನೂ ಮರೆತು ಕೂತಿರುತ್ತಾರೆ. ಪತ್ರಿಕೆಯವರು ಇದಕ್ಕೆ ಸಾಮಾನ್ಯವಾಗಿ ಇಡುವ ತಲೆಬರಹ "ನೋಡುಗರ ಮನಸೆಳೆದ ಕಂಸಾಳೆ ನೃತ್ಯ". ವೇದಿಕೆ, ಗಣ್ಯರು, ಉಪಸ್ಥಿತರಿದ್ದರು, ವಂದಿಸಿದರು, ಮುಗಿಯಿತು. ಹಾಡು ಹೇಳುತ್ತಿರುವುದು ಏನೆಂದು ಬರೆದರೆ ಮನೆಮನೆಯ ಜಗಳ ಹೊರಬಿದ್ದೀತು!

ಆ ಹಾಡಿನೊಳಗಿನ ಸೋಲಿಗರು ಇಂದಿಗೂ ಜಿಲ್ಲೆಯ ಕಾಡುಗಳಲ್ಲಿದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ವಾಸವಾಗಿದ್ದವರಿಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ, ಪಾಚಿ ತರುವ ಹಕ್ಕು. ನಾನು ಓದಿದ ಪತ್ರಿಕೆಗಳಲ್ಲಿ ಇದು ಒಳಪುಟದ ಸುದ್ದಿ, ಸಂಕಮ್ಮ ಪುರವಣಿಯ ಸುದ್ದಿ. ನೀಲೇಗೌಡ ಹೊರಟ ಆ ಜೇನಿನ ದಾರಿ, ಕಾಗದದಲ್ಲಿ ಹಕ್ಕಾಗಿ ಬಂದ ಈ ಜೇನಿನ ದಾರಿ ಎರಡೂ ಒಂದೇ ಎಂದು ಹೇಳಿದ ಬರಹ ನನ್ನ ಕಣ್ಣಿಗೆ ಬೀಳಲಿಲ್ಲ.

ಬಂಡೀಪುರದ ಮಾತಂತೂ ಕೇಳಲೇ ಬೇಡಿ. 1931ರಲ್ಲಿ ಮಹಾರಾಜರ ಕಾಲದಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಆರಂಭ, 1973ರಲ್ಲಿ ಹುಲಿ ಯೋಜನೆ. ಹುಲಿ ಉಳಿದದ್ದು ದೇಶಕ್ಕೇ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಕಾಡಿನ ಹೆದ್ದಾರಿಯಲ್ಲಿ ವಾಹನ ನಿಲ್ಲಿಸಿದ್ದಕ್ಕೆ ನಾನೂ ಚಪ್ಪಾಳೆ ತಟ್ಟಿದವಳೇ. ಆದರೆ ಹುಲಿಗಾಗಿ ಹಾಡಿ ಬಿಟ್ಟು ಕಾಡಂಚಿಗೆ ಬಂದ ಜೇನುಕುರುಬರ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ, ಹಂದಿ ಆನೆ ನುಗ್ಗಿದ ಹೊಲವನ್ನು ರಾತ್ರಿ ಕಾಯುವವರ ಹೆಂಡತಿ ಹೇಗೆ ನಿದ್ದೆ ಮಾಡುತ್ತಾಳೆ ಎಂದು ಬರೆದವರೆಷ್ಟು ಜನ? ಬೇರೆಯವರನ್ನು ಏಕೆ ಅನ್ನಲಿ. ಹಿಂದೊಮ್ಮೆ ನಾನೇ ಬಂಡೀಪುರದ ಬಗ್ಗೆ ಪ್ರವಾಸ ಲೇಖನ ಬರೆದಿದ್ದೆ. ಮೊನ್ನೆ ಹುಡುಕಿ ತೆಗೆದು ಓದಿದೆ. ಜಿಂಕೆ ಇದೆ, ಕಾಟಿ ಇದೆ, ನವಿಲಿದೆ, ಗೋಪಾಲಸ್ವಾಮಿ ಬೆಟ್ಟದ ಮಂಜಿದೆ. ಮನುಷ್ಯರೆಂದರೆ ಜೀಪಿನ ಚಾಲಕ ಒಬ್ಬ, ಅವನಿಗೂ ಮಾತಿಲ್ಲ.

ಅವರ ಮಾತು ಅವರದೇ ಬಾಯಲ್ಲಿ

ಬದಲಾಗಲೇ ಇಲ್ಲವೆಂದರೆ ಸುಳ್ಳಾದೀತು. ಈ ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವರ "ಕುಸುಮಬಾಲೆ" 1984ರಲ್ಲಿ ಬಂದಾಗ "ಇದೇನು ಅರ್ಥವೇ ಆಗುವುದಿಲ್ಲ" ಎಂದವರು ಬಹಳ. ಬಿಡಿಸಿ ಹೇಳಿದ ವಿಮರ್ಶಕರೂ ಇದ್ದರು. ಮುಂದೆ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಸ್ಸಿನಲ್ಲಿ ನನ್ನ ಪಕ್ಕದಾಕೆ ಆಡುತ್ತಿದ್ದ "ಬಂದದ, ಹೋಗದ" ಎಂಬ ಮಾತು ಅಕಾಡೆಮಿಯ ಪುಸ್ತಕವಾಯಿತು.

1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ವಾರಪತ್ರಿಕೆಯನ್ನೂ ಇಲ್ಲಿ ಮರೆಯಬಾರದು. ರಾಜಕೀಯದ ಬಿಸಿಬಿಸಿ ವರದಿಯ ಪಕ್ಕದಲ್ಲೇ ಕತೆ, ಕವಿತೆ, ಸಿನಿಮಾ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ "ಚಂದ್ರಗಿರಿಯ ತೀರದಲ್ಲಿ" ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. ತಲಾಖಿನ ಸುಳಿಗೆ ಸಿಕ್ಕ ನಾದಿರಾಳ ಕತೆ ವಾರವಾರವೂ ಮನೆಯೊಳಗೆ ಬಂತು. ಹಾಸನದಿಂದ ಅದೇ ಪತ್ರಿಕೆಗೆ ವರದಿ ಬರೆಯುತ್ತಿದ್ದ ಬಾನು ಮುಷ್ತಾಕ್ 2025ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದದ್ದು ನೀವೆಲ್ಲ ಓದಿಯೇ ಇದ್ದೀರಿ. ಅವರ ಕತೆಯ ಹೆಂಗಸರು ಜಮಾತಿನ ಮುಂದೆ, ಕೋರ್ಟಿನ ಮುಂದೆ, ಗಂಡನ ಮುಂದೆ ನಿಂತು ಕೇಳುವುದು ಪ್ರಜೆ ಕೇಳುವ ಪ್ರಶ್ನೆಯನ್ನೇ. ವರದಿಗಾರಳ ಕಿವಿಗೆ ಬಿದ್ದದ್ದು ಕತೆಗಾರ್ತಿಯ ಕೈಗೆ ಬಂತು.

ಮತ್ತೆ ಬಸ್ಸಿಗೆ ಬರೋಣ. ಆಕೆ ಅಷ್ಟು ಹೊತ್ತಿಗೆ ಪತ್ರಿಕೆಯ ಅಡುಗೆ ಪುಟಕ್ಕೆ ಹೋಗಿದ್ದರು. ಅಲ್ಲಿ "ಮೈಸೂರು ಸೀಮೆಯ ಉಪ್ಸಾರು" ಎಂದು ಒಂದು ವಿಧಾನ. ನಾನು ಓದಿ ಹೇಳಿದೆ: ಸೊಪ್ಪು ಬೇಳೆ ಬೇಯಿಸಿ, ಎರಡು ಚಮಚ ಸಾಂಬಾರು ಪುಡಿ ಹಾಕಿ...

"ಸಾಂಬಾರ್ ಪುಡಿಯಾ?" ಆಕೆ ನಕ್ಕದ್ದಕ್ಕೆ ಮುಂದಿನ ಸೀಟಿನವರೂ ತಿರುಗಿದರು. "ಉಪ್ಸಾರ್ಗ ಪುಡಿ ಹಾಕುದ್ರ ಅದು ಉಪ್ಸಾರಾ? ಸೊಪ್ಪು ಕಾಳು ಬೇಯ್ಸಿ ಕಟ್ಟು ಬಸಿಯೋದು, ಉಪ್ಪು ಹಾಕೋದು. ಖಾರ ಬ್ಯಾರೆ. ಮೆಣಸಿನ್‌ಕಾಯಿ, ಬೆಳ್ಳುಳ್ಳಿ, ಜೀರ್ಗ, ಮೆಣಸು ಅರ್ದು ಪಕ್ಕದಲ್ಲಿ ಇಟ್ಕಳದು. ಬೇಕಾದೋರು ಬೇಕಾದಷ್ಟು ಕಲಸ್ಕತಾರ. ಯಾರವ್ವ ಇದ ಬರ್ದೋರು?"

ಹೆಸರು ಹೇಳಿದೆ. ಅವರಿಗೆ ಅದು ಬೇಕಿರಲಿಲ್ಲ. "ಅಡ್ರಸ್ ಅದಾ?" ಅಂದರು. ಕೊನೆಯ ಪುಟದ ಅಡಿಯಲ್ಲಿ ಸಂಪಾದಕರ ವಿಳಾಸವಿತ್ತು. ಚೀಲದಿಂದ ಆಸ್ಪತ್ರೆಯ ಚೀಟಿ ತೆಗೆದು, ಅದರ ಹಿಂಬದಿಯಲ್ಲಿ ಬರೆದುಕೊಡಲು ಹೇಳಿದರು. ಮಗಳು ಎಂಟನೇ ಕ್ಲಾಸಂತೆ, ಅಕ್ಷರ ಮುತ್ತಿನ ಹಾಗೆ ಬರೆಯುತ್ತಾಳಂತೆ. "ಸಾರಿನ ವಿಸ್ಯ ಬರಿಸ್ತೀನಿ. ಹೂವಿನ ವಿಸ್ಯವೂ ಬರಿಸ್ತೀನಿ, ಹೊಲದಲ್ಲಿ ನಾವೂ ಇದ್ದೋ ಅಂತ."

ಬೇಗೂರು ಬಂತು. ಎದ್ದು ನಿಂತವರು ಬಾಗಿಲ ತನಕ ಹೋಗಿ ಮತ್ತೆ ತಿರುಗಿ ಕೇಳಿದರು:

"ಕಾರ್ಡು ಪೋಸ್ಟಾಫೀಸಲ್ಲಿ ಈಗ್ಲೂ ಸಿಕ್ತದಾ ಅವ್ವ?"

"ಸಿಗುತ್ತೆ," ಎಂದೆ. "ಐವತ್ತು ಪೈಸೆ."